ಕೈ ಎತ್ತಿದಲ್ಲೆಲ್ಲ ನಿಲ್ಲುವ ರೈಲು

ಆ ಮಾರ್ಗದಲ್ಲಿ ದಿನಾ ಓಡಾಡುವವರಿಗೆ ಬಸ್ಸಿನ ಡ್ರೈವರನ ನಿಜವಾದ ಹೆಸರು ಗೊತ್ತಿರಲಿಲ್ಲ, ಗೊತ್ತಾಗಬೇಕೆಂಬ ತುರ್ತೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ನಿಲ್ಸಪ್ಪ. "ಸ್ವಲ್ಪ ನಿಲ್ಸಪ್ಪಾ" ಎಂದು ಯಾರು ಎಲ್ಲಿ ಕೈ ಎತ್ತಿದರೂ ಅವನ ಬಸ್ಸು ನಿಲ್ಲುತ್ತಿತ್ತು. ಸ್ಟಾಪು ಇದ್ದದ್ದು ಔಷಧಿ ಅಂಗಡಿಯ ಮುಂದೆ. ಆದರೆ ಮಂಡಿನೋವಿನ ಅಜ್ಜಿಯೊಬ್ಬಳು ಅಷ್ಟು ದೂರ ನಡೆಯಲಾರದೆ ತನ್ನ ಮನೆಯ ಗೇಟಿಗೇ ಒರಗಿ ಕೈ ಎತ್ತಿದರೆ ಅಲ್ಲಿಯೂ ಒಂದು ಸ್ಟಾಪು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಮಗು ಹಿಡಿದು ಗಲ್ಲಿಯಿಂದ ಎದ್ದೆನೋ ಬಿದ್ದೆನೋ ಎಂದು ಓಡಿಬರುವವರಿಗೆ ಎತ್ತಲು ಮೂರನೆಯ ಕೈ ಎಲ್ಲಿಂದ ಬರಬೇಕು? ಅಂಥವರಿಗಾಗಿ ಅವನು ಕೈ ನೋಡುವುದನ್ನು ಬಿಟ್ಟು ಕಾಲು ನೋಡಿ ನಿಲ್ಲಿಸುತ್ತಿದ್ದ.

ಅವನ ಜೊತೆಯ ಕಂಡಕ್ಟರು ಗೊಣಗುವುದರಲ್ಲಿ ನಿಸ್ಸೀಮ. "ಇದು ಬಸ್ಸೋ, ನಿಮ್ಮ ಮಾವನ ಮನೆ ಗಾಡಿಯೋ? ಕಂಡಕಂಡಲ್ಲಿ ನಿಲ್ಸೋಕೆ" ಎನ್ನುತ್ತಲೇ ಗಂಟೆ ಹೊಡೆಯುತ್ತಿದ್ದ. ತಡವಾಗಿದ್ದಕ್ಕೆ ಇಬ್ಬರೂ ಡಿಪೋದಲ್ಲಿ ಬೈಸಿಕೊಳ್ಳುತ್ತಿದ್ದರು, ಬೈಸಿಕೊಂಡು ಹೊರಗೆ ಬಂದು ಒಟ್ಟಿಗೆ ಚಹಾ ಕುಡಿಯುತ್ತಿದ್ದರು. ಹೊತ್ತಿಗೆ ಸರಿಯಾಗಿ ಹೋಗುವ ಬಸ್ಸು ಒಳ್ಳೆಯದೇ, ಇಲ್ಲವೆಂದವರು ಯಾರು? ಆದರೆ ನಾವು ಹತ್ತುವ ಮೊದಲೇ ಹೊತ್ತಿಗೆ ಸರಿಯಾಗಿ ಹೊರಟುಹೋದ ಬಸ್ಸಿನ ಬಗ್ಗೆ ಯಾರೂ ಒಳ್ಳೆಯ ಮಾತಾಡಿದ್ದು ಕೇಳಿಲ್ಲ.

ನಿಲ್ಸಪ್ಪನಿಗೆ ಒಬ್ಬಳೇ ಮಗಳು, ಏಳನೆಯ ತರಗತಿ. ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವನ ಚೀಲ, ಜೇಬು, ಊಟದ ಡಬ್ಬಿ ಎಲ್ಲವನ್ನೂ ಜಾಲಾಡಿಬಿಡುವ ಹುಡುಗಿ. ಡಬ್ಬಿಯಲ್ಲಿ ಅನ್ನ ಮಿಕ್ಕಿದ್ದರೆ ಯಾಕೆ ಮಿಕ್ಕಿತು, ಕಾಲರಿನ ಗುಂಡಿ ಎಲ್ಲಿ ಹೋಯಿತು, ಎಲ್ಲಕ್ಕೂ ಉತ್ತರ ಬೇಕು. ಇದ್ದಕ್ಕಿದ್ದಂತೆ ಬಸ್ಸು ಹತ್ತಿ ಟಿಕೆಟ್ ತೋರಿಸಿ ಎನ್ನುವ ಇನ್ಸ್‌ಪೆಕ್ಟರುಗಳಿಗೆ ಡ್ರೈವರುಗಳ ಭಾಷೆಯಲ್ಲಿ 'ಚೆಕಿಂಗು' ಎಂದು ಹೆಸರು. ಅಪ್ಪ ಮಗಳಿಗೂ ಅದನ್ನೇ ಇಟ್ಟ. "ಚೆಕಿಂಗು ಬಂತು, ಎಲ್ಲರೂ ಟಿಕೆಟ್ ತೆಗೀರಪ್ಪ" ಎಂದು ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದ. ಅವಳು ಮುಖ ಗಂಟು ಹಾಕಿಕೊಂಡೇ ಅವನ ಜೇಬಿನ ತಪಾಸಣೆ ಮುಗಿಸುತ್ತಿದ್ದಳು.

ಅಂಥ ಒಂದು ತಪಾಸಣೆಯಲ್ಲಿ ಸಿಕ್ಕಿದ್ದೇ ರೈಲು. ಯಾರೋ ಬಸ್ಸಿನಲ್ಲಿ ಮರೆತುಹೋದ ಶೂ ಡಬ್ಬ. ಒಳಗೆ ಒಂದು ಪುಟ್ಟ ಇಂಜಿನ್ನು, ಎರಡು ಬೋಗಿ, ಒಂದು ಕಟ್ಟು ಹಳಿ. ವರ್ಷ ಕಳೆದರೂ ಯಾರೂ ಕೇಳಿಕೊಂಡು ಬರದಿದ್ದಾಗ ಡಿಪೋದ ಸಾಹೇಬರು, "ತಗೊಂಡು ಹೋಗು ಮಾರಾಯ, ಮಗಳು ಆಡ್ಕೊಳ್ಳಲಿ" ಎಂದಿದ್ದರು. ಮಗಳು ಆಡಿಕೊಳ್ಳಲಿ ಎಂದದ್ದು ಸಾಹೇಬರು. ಆ ರಾತ್ರಿಯ ಊಟ ಮರೆತು ಹಳಿಗೆ ಹಳಿ ಜೋಡಿಸಿ ಕುಳಿತದ್ದು ಅಪ್ಪ.

ಮನೆಯಲ್ಲಿ ದೊಡ್ಡ ಮೇಜು ಎಂದರೆ ಇಸ್ತ್ರಿಯ ಮೇಜೊಂದೇ. ಅಮ್ಮ ಓಣಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿಕೊಡುತ್ತಿದ್ದಳು, ಮುಂದಿನ ಕೋಣೆಯೇ ಅವಳ ಅಂಗಡಿ. ಡಿಪೋದಿಂದ ತಂದ ಹಳೆಯ ಪ್ಲೈವುಡ್ ಹಲಗೆ ಆ ಮೇಜಿನ ಮೇಲೆ ಏರಿತು. ಬಟ್ಟೆಯ ಗಂಟು ಬಂದರೆ ಹಲಗೆಯನ್ನು ಗೋಡೆಗೆ ಒರಗಿಸಬೇಕು, ಗಂಟು ಖಾಲಿಯಾದರೆ ಮತ್ತೆ ಏರಿಸಬೇಕು. "ನನ್ನ ಮೇಜಿಗೆ ನಾನೇ ಬಾಡಿಗೆಗೆ ಬಂದ ಹಾಗಾಯ್ತು" ಎಂದು ಅಮ್ಮ ಗದರಿದಳು. ಗದರಿಕೊಂಡೇ ಕೆಲವು ದಿನ ನೆಲದ ಮೇಲೆ ಕಂಬಳಿ ಮಡಿಸಿ ಹಾಸಿಕೊಂಡು ಇಸ್ತ್ರಿ ಮಾಡಿದಳು.

ಹಲಗೆಯ ಮೇಲೆ ಏನೇನು ಬಂತು ನೋಡಿ. ಹರಿದ ಸೀಟುಗಳ ಸ್ಪಂಜು ಬೆಟ್ಟವಾಯಿತು, ಬೆಟ್ಟದ ಹೊಟ್ಟೆಯಲ್ಲೊಂದು ಸುರಂಗ. ಗೇಟಿಗೆ ಬಳಿದು ಮಿಕ್ಕಿದ್ದ ಹಸಿರು ಬಣ್ಣ ಅದರ ಮೈಗೆ. ಹಳೆಯ ಟ್ಯೂಬಿನ ರಬ್ಬರು ರಸ್ತೆಯಾಯಿತು. ಟಿಕೆಟ್ ರೋಲಿನ ಒಳಗಿನ ರಟ್ಟಿನ ಕೊಳವೆಗಳು ಸೇತುವೆಗೆ ಕಂಬ. ರಟ್ಟಿನ ಮನೆಗಳಿಗೆ ಮಗಳು ಹಳೆಯ ಟಿಕೆಟುಗಳನ್ನು ಒಂದರ ಮೇಲೊಂದು ಅಂಟಿಸಿ ಹೆಂಚು ಹೊದಿಸಿದಳು. ಬ್ಯಾಟರಿ, ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ, ರೈಲನ್ನು ಹಿಂದೆ ಮುಂದೆ ತಿರುಗಿಸುವ ಸ್ವಿಚ್ಚು ಇವನ್ನೆಲ್ಲ ಡಿಪೋದ ಎಲೆಕ್ಟ್ರಿಷಿಯನ್ನಿನ ಬೆನ್ನು ಬಿದ್ದು ಮಾಡಿಸಿಕೊಂಡದ್ದಾಯಿತು.

ಇಲ್ಲಿಯವರೆಗೆ ಎಲ್ಲ ಸರಿ. ಎಡವಟ್ಟಾದದ್ದು ಸ್ಟೇಷನ್ನುಗಳ ವಿಷಯದಲ್ಲಿ. ಹಳಿ ಹಾಸುವ ಮೊದಲೇ ಅಪ್ಪ ಪೆನ್ಸಿಲು ಹಿಡಿದು ಸ್ಟಾಪು ಗುರುತು ಮಾಡತೊಡಗಿದ್ದ. ಆಸ್ಪತ್ರೆಗೊಂದು, ಶಾಲೆಗೊಂದು, ಮಾರುಕಟ್ಟೆಗೊಂದು, ಬೆಟ್ಟದ ಕೆಳಗೆ ಒಬ್ಬಂಟಿ ಮನೆಯಿದೆಯಲ್ಲ, ಪಾಪ, ಅದಕ್ಕೊಂದು. ಜೋಡಿಸಿ ಓಡಿಸಿದರೆ ಇಂಜಿನ್ನು ಆಸ್ಪತ್ರೆ ಸ್ಟಾಪಿನಲ್ಲಿ, ಕೊನೆಯ ಬೋಗಿ ಇನ್ನೂ ಶಾಲೆ ಸ್ಟಾಪಿನಲ್ಲಿ.

"ಅಪ್ಪ, ಇದು ರೈಲು. ಸಿಟಿ ಬಸ್ಸಲ್ಲ" ಎಂದಳು ಮಗಳು.

"ಇಳಿದೋರು ನಡ್ಕೊಂಡು ಹೋಗ್ಬೇಕಾ ಹಾಗಾದ್ರೆ?"

"ನಡೀತಾರೆ. ಎಲ್ಲ ಊರಲ್ಲೂ ನಡೀತಾರೆ."

"ನಮ್ಮ ಊರಲ್ಲಿ ಬೇಡ ಬಿಡು."

ಎರಡು ದಿನ ಜಗ್ಗಾಟ ನಡೆಯಿತು. ಕಡೆಗೆ ಸ್ಟೇಷನ್ನು ಎರಡೇ ಎಂದು ಅಪ್ಪ ಸೋತ. ಸೋತವನು ಸುಮ್ಮನಿರಬೇಕಲ್ಲ? ಬೆಂಕಿಕಡ್ಡಿಗಳಿಂದ ಜನರನ್ನು ಮಾಡಲು ಕುಳಿತ. ಕಡ್ಡಿಯೇ ಮೈ, ಮದ್ದಿನ ತುದಿಯೇ ತಲೆ, ಟಿಕೆಟಿನ ಚೂರು ಸುತ್ತಿದರೆ ಬಟ್ಟೆ. ಎಲ್ಲರಿಗೂ ಒಂದು ಮುರುಕು ಕಡ್ಡಿಯನ್ನು ಅಂಟಿಸಿ ಬಲಗೈ ಮೇಲಕ್ಕೆ ಎತ್ತಿಸಿದ. ಗಂಡಸು, ಹೆಂಗಸು, ಮಗು, ಮುದುಕ, ಎಲ್ಲರೂ ಕೈ ಎತ್ತಿದವರೇ.

"ರೈಲಿಗೆ ಯಾರಾದ್ರೂ ಕೈ ತೋರಿಸ್ತಾರಾ ಅಪ್ಪ?"

"ನಿಲ್ಲಲ್ಲ ಅಂತ ಗೊತ್ತು, ಅದಕ್ಕೇ ತೋರಿಸಲ್ಲ. ನಿಲ್ಲುತ್ತೆ ಅಂತ ಗೊತ್ತಾಗ್ಲಿ, ಆಮೇಲೆ ನೋಡು."

ಹೀಗೆ ಅವರಿಬ್ಬರ ಆಟ ಹುಟ್ಟಿತು. ಅಪ್ಪ ಮೇಜಿನ ಮುಂದೆ ಸ್ಟೂಲಿನ ಮೇಲೆ ಕುಳಿತು ರೈಲು ಓಡಿಸುವುದು. ಮಗಳು ಎದುರಿಗೆ ನಿಂತು ಓಡುವ ರೈಲಿನ ಮುಂದೆ, ಹಳಿಯ ಪಕ್ಕದಲ್ಲಿ ಎಲ್ಲಾದರೂ ಸದ್ದಿಲ್ಲದೆ ಒಬ್ಬ ಕಡ್ಡಿಮನುಷ್ಯನನ್ನು ನಿಲ್ಲಿಸುವುದು. ಅವನನ್ನು ದಾಟುವುದರೊಳಗೆ ರೈಲು ನಿಲ್ಲಬೇಕು, ಅದೂ ಜಗ್ಗದೆ. "ಒಳಗಡೆ ಬಸುರಿ ಹೆಂಗಸರು ಇರ್ತಾರೆ" ಎನ್ನುತ್ತಿದ್ದ ಅಪ್ಪ, ಬೆರಳ ತುದಿಯಲ್ಲಿ ಗುಂಡಿ ತಿರುಗಿಸುತ್ತ. ಇಂಜಿನ್ನು ಮೆಲ್ಲಗೆ ಬಂದು ಕಡ್ಡಿಮನುಷ್ಯನ ಮೂಗಿನ ಮುಂದೆ ನಿಲ್ಲುತ್ತಿತ್ತು. ಕೆಲವೊಮ್ಮೆ ಅಮ್ಮನೂ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಂದು, ತಲೆಯ ಮೇಲೆ ಬಟ್ಟೆಗಂಟು ಹೊತ್ತ ತನ್ನದೇ ಒಂದು ಬೊಂಬೆಯನ್ನು ಸುರಂಗದ ಬಾಯಲ್ಲೇ ಇಟ್ಟು, "ಇಲ್ಲಿ ನಿಲ್ಸಿ ನೋಡೋಣ" ಎಂದು ಸವಾಲು ಹಾಕುತ್ತಿದ್ದಳು. ಅಲ್ಲಿಯೂ ನಿಲ್ಲುತ್ತಿತ್ತು.

ಕೆಲವು ತಿಂಗಳು ಕಳೆದವು. ನಡುವೆ ಒಂದು ದಿನ ಅಪ್ಪ ತಲೆ ಸಿಡಿಯುತ್ತದೆಂದು ಮಾತ್ರೆ ನುಂಗಿ ಮಲಗಿದ್ದು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಒಂದು ಸಂಜೆ ಅಪ್ಪ ಮುಖ ಊದಿಸಿಕೊಂಡು ಮನೆಗೆ ಬಂದ. ತಪಾಸಣೆಗೆ ಕೈ ಎತ್ತಲಿಲ್ಲ. ಮಗಳು ಬಿಡುವವಳೇ? ಕೆದಕಿ ಕೆದಕಿ ಕೇಳಿದ ಮೇಲೆ ಹೇಳಿದ. ಯಾರೋ ಡಿಪೋಗೆ ದೂರು ಕೊಟ್ಟಿದ್ದರಂತೆ. ಗಲ್ಲಿಯಿಂದ ಓಡಿ ಬರುತ್ತಿದ್ದರೂ ನಿಲ್ಲಿಸದೆ ಹೋದ ಎಂದು. ಅದು ಮೊದಲನೆಯದೂ ಅಲ್ಲವಂತೆ.

"ನಿಲ್ಸಪ್ಪನಿಗೆ ಈಗ ಕೊಬ್ಬು ಬಂದಿದೆ ಅಂತಾರೆ. ಕಂಡೂ ಕಾಣದ ಹಾಗೆ ಹೋಗ್ತಾನೆ ಅಂತಾರೆ. ನಾನು ಬಿಟ್ಟು ಬರೋನಾ? ಹೇಳು, ನಾನು ಬಿಟ್ಟು ಬರೋನಾ?"

"ಬಿಟ್ಟು ಬರಲ್ಲ ಅಪ್ಪ" ಎಂದಳು ಮಗಳು. ಒಳಗೆ ಕೈ ತೊಳೆಯಲು ಹೋದವನ ಎಡಭುಜ ಬಾಗಿಲಿನ ಚೌಕಟ್ಟಿಗೆ ಬಡಿಯಿತು. ಈಚೆಗೆ ಆ ಚೌಕಟ್ಟಿಗೂ ಅವನಿಗೂ ಅದೇನೋ ಹಗೆತನ. ಅಮ್ಮ ಚೌಕಟ್ಟನ್ನೇ ಬೈದಳು.

ಅವನ ವಾರದ ರಜೆಯ ದಿನ, ಊಟ ಮುಗಿಸಿ ಇಬ್ಬರೂ ಆಟಕ್ಕೆ ಕುಳಿತರು. ರೈಲು ಅಪ್ಪನ ಮುಂದಿನ ಹಳಿಯಲ್ಲಿ ಬಲದಿಂದ ಎಡಕ್ಕೆ ಹೋಗುತ್ತಿತ್ತು. ಮಗಳು ಅವನ ಎಡಗಡೆ, ಸೇತುವೆಯ ಹತ್ತಿರ ಒಬ್ಬ ಮುದುಕನನ್ನು ನಿಲ್ಲಿಸಿದಳು. ರೈಲು ನಿಲ್ಲಲಿಲ್ಲ. ಮುದುಕನಿಗೆ ತಾಗಿ ಬೀಳಿಸಿಕೊಂಡೇ ಹೋಯಿತು.

"ಕಳ್ಳಿ, ರೈಲು ಹತ್ರ ಬಂದ ಮೇಲೆ ಇಟ್ಟೆ" ಎಂದು ಅಪ್ಪ ನಕ್ಕ.

"ಇಲ್ಲಪ್ಪ, ಆಗ್ಲೇ ಇಟ್ಟಿದ್ದೆ."

"ಚೆಕಿಂಗಿನೋರೇ ಸುಳ್ಳು ಹೇಳಿದ್ರೆ ಯಾರನ್ನ ನಂಬೋದು?"

ಇನ್ನೊಮ್ಮೆ ಇಟ್ಟಳು, ಈ ಸಲ ಇನ್ನೂ ಮುಂಚೆ. ಮತ್ತೆ ಮುದುಕ ಬಿದ್ದ. ಮಗಳು ಸ್ವಿಚ್ಚು ತಿರುಗಿಸಿ ರೈಲನ್ನು ಎಡದಿಂದ ಬಲಕ್ಕೆ ಬಿಟ್ಟಳು. ಅದೇ ಮುದುಕ, ಅದೇ ಜಾಗ. ರೈಲು ಮೆಲ್ಲಗೆ ಬಂದು ಅವನ ಮೂಗಿನ ಮುಂದೆ ನಿಂತಿತು. ಒಳಗಿನ ಬಸುರಿ ಹೆಂಗಸಿಗೆ ಗೊತ್ತೂ ಆಗದಷ್ಟು ಮೆಲ್ಲಗೆ. ಮತ್ತೆ ಸ್ವಿಚ್ಚು ತಿರುಗಿಸಿದಳು. ಎಡಕ್ಕೆ ಹೋಗುವಾಗ ಮುದುಕ ಬಿದ್ದ. ಮಗುವಿನ ಬೊಂಬೆ ಇಟ್ಟಳು, ಮಗು ಬಿತ್ತು. ಅಮ್ಮನ ಬೊಂಬೆ ಇಟ್ಟಳು, ಅಮ್ಮನೂ ಬಟ್ಟೆಗಂಟೂ ಬಿದ್ದವು. ರೈಲಿನ ಮೇಲೆ ಕಣ್ಣಿಟ್ಟ ಅಪ್ಪನಿಗೆ ಅದರ ಎಡಕ್ಕೆ ಇರುವುದು ಯಾವುದೂ ಕಾಣುತ್ತಿರಲಿಲ್ಲ. ಬಲಕ್ಕೆ ಇರುವುದೆಲ್ಲ ಕಾಣುತ್ತಿತ್ತು. ಕಾಣುತ್ತಿಲ್ಲ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಮಗಳಿಗೆ ಬಸ್ಸು ನೆನಪಾಯಿತು. ಬಸ್ಸಿನಲ್ಲಿ ಅಪ್ಪ ಕೂರುವುದು ಬಲಕ್ಕೆ. ಬಾಗಿಲು, ಸ್ಟಾಪು, ಗಲ್ಲಿಯ ಬಾಯಿ, ಸೈಕಲ್ಲು, ಓಡಿಬರುವ ಜನ, ಎಲ್ಲ ಎಡಕ್ಕೆ. ಬಾಗಿಲ ಚೌಕಟ್ಟು ತಾಗುತ್ತಿದ್ದದ್ದೂ ಎಡಭುಜಕ್ಕೇ. ಅವಳು ಬಿದ್ದ ಬೊಂಬೆಗಳನ್ನು ಒಂದೊಂದಾಗಿ ಎತ್ತಿ ಡಬ್ಬಕ್ಕೆ ಹಾಕಿದಳು. "ಸಾಕಪ್ಪ, ತಲೆನೋವು" ಎಂದು ಆಟ ನಿಲ್ಲಿಸಿದಳು.

ಆ ಸಂಜೆಯೆಲ್ಲ ಅವಳಿಗೆ ಅದೇ ಯೋಚನೆ. ಹೇಳಿದರೆ ಅಪ್ಪ ಸ್ಟೇರಿಂಗ್ ಬಿಡಬೇಕಾಗುತ್ತದೆ. ಮದುವೆಗೂ ಮೊದಲಿನಿಂದ ಅವನು ಕೂತ ಸೀಟು ಅದು. ಮನೆಯಲ್ಲಿ ಕುರ್ಚಿಯಲ್ಲಿ ಕುಳಿತರೂ ಬಲಗಾಲು ಬ್ರೇಕು ಹುಡುಕುತ್ತದೆ. ಹೇಳದಿದ್ದರೆ ನಾಳೆ ಮುದುಕನೋ ಮಗುವೋ ಚಕ್ರದ ಕೆಳಗೆ. ಅವರು ಬೆಂಕಿಕಡ್ಡಿಯವರಲ್ಲ, ಎತ್ತಿ ಮತ್ತೆ ನಿಲ್ಲಿಸಲು ಆಗುವುದಿಲ್ಲ. ಅಷ್ಟು ಸಣ್ಣ ತಲೆಯ ಮೇಲೆ ಅಷ್ಟು ದೊಡ್ಡ ಭಾರ ಯಾರೂ ಹೊರಿಸಬಾರದು, ಆದರೆ ಹೊರಿಸಿದವರು ಯಾರೂ ಇರಲಿಲ್ಲ, ಅದು ತಾನಾಗಿ ಬಂದು ಕುಳಿತಿತ್ತು.

ಮರುದಿನ ಅಪ್ಪನದು ಮಧ್ಯಾಹ್ನದ ಡ್ಯೂಟಿ. ಅವಳು ಹೊಟ್ಟೆನೋವೆಂದು ಸುಳ್ಳು ಹೇಳಿ ಶಾಲೆ ತಪ್ಪಿಸಿದಳು. ಅಪ್ಪ ಖಾಕಿ ಹಾಕಿಕೊಂಡು, ತಲೆ ಬಾಚಿಕೊಂಡು, ನೀರಿನ ಬಾಟಲಿ ಚೀಲಕ್ಕೆ ಹಾಕುವಾಗ, "ಅಪ್ಪ, ಒಂದೇ ಒಂದು ಆಟ" ಎಂದಳು. "ಈಗಲಾ?" ಎಂದರೂ ಕುಳಿತ. ಮಗಳು ಆಟಕ್ಕೆ ಕರೆದರೆ ಇಲ್ಲವೆನ್ನಲು ಅವನಿಗೆ ಬರುತ್ತಿರಲಿಲ್ಲ.

"ಆ ಸುರಂಗದ ಬಾಯಿ ನೋಡ್ತಾ ಇರು. ಕಣ್ಣು ಆ ಕಡೆ ಈ ಕಡೆ ಹೋಗಬಾರದು. ನಾನು ಕೈ ಎತ್ತಿದ ತಕ್ಷಣ ಹೇಳ್ಬೇಕು."

ಮೊದಲು ಅವನ ಬಲಕ್ಕೆ, ಕಿಟಕಿಯ ಹತ್ತಿರ ಹೋಗಿ ನಿಂತು ಕೈ ಎತ್ತಿದಳು. "ಎತ್ತಿದೆ" ಎಂದ ಅಪ್ಪ, ಕಣ್ಣು ಕದಲಿಸದೆ. ಮಗಳು ಕಾಲ ಸದ್ದು ಮಾಡದೆ ಅವನ ಬೆನ್ನ ಹಿಂದಿನಿಂದ ಎಡಕ್ಕೆ ಬಂದಳು. ಬಾಗಿಲ ಚೌಕಟ್ಟಿನ ಪಕ್ಕ ನಿಂತು ಕೈ ಎತ್ತಿದಳು. ಅಪ್ಪ ಸುರಂಗ ನೋಡುತ್ತ ಸಣ್ಣಗೆ ನಗುತ್ತ ಕುಳಿತೇ ಇದ್ದ. ಇಸ್ತ್ರಿ ಮಾಡುತ್ತಿದ್ದ ಅಮ್ಮ ತಲೆ ಎತ್ತಿ ಮಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಎದ್ದಳು.

"ಎತ್ತೇ, ಡ್ಯೂಟಿಗೆ ಹೊತ್ತಾಗುತ್ತೆ" ಎಂದ ಅಪ್ಪ.

"ಎತ್ತಿದೀನಿ ಅಪ್ಪ."

"ಹೋಗೇ, ಆಟ ಆಡಿಸ್ಬೇಡ."

"ಎತ್ತಿದಾಳೆ ರೀ" ಎಂದಳು ಅಮ್ಮ. ಅವಳ ದನಿ ಕೇಳಿ ಅವನು ತಲೆ ಹೊರಳಿಸಿದ. ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಮಗಳು ಕೈ ಎತ್ತಿಕೊಂಡು ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು.

ಅವನು ಮತ್ತೆ ಸುರಂಗದ ಕಡೆ ತಿರುಗಿದ. ಮಗಳು ಇಲ್ಲವಾದಳು. ತಲೆ ಹೊರಳಿಸಿದ, ಬಂದಳು. ಎರಡು ಮೂರು ಸಲ ಹಾಗೆಯೇ ಮಾಡಿ ನೋಡಿದ. ಆಮೇಲೆ ಚೀಲ ಹೆಗಲಿಗೇರಿಸಿ ಹೊರಗೆ ನಡೆದುಬಿಟ್ಟ.

ಡ್ಯೂಟಿಗೇ ಹೋದ, ಗಾಡಿ ಹತ್ತಿಯೇ ಹತ್ತುತ್ತಾನೆ ಎಂದು ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಬಿಟ್ಟುಬರುವ ಹಾಗಿರಲಿಲ್ಲ. "ಹೋಗು, ಓಡು" ಎಂದಳು. ಹುಡುಗಿ ಚಪ್ಪಲಿ ಮೆಟ್ಟಿಕೊಳ್ಳದೆ ಓಡಿದಳು. ಅಪ್ಪ ಹಿಂದಿರುಗಿ ನೋಡದೆ ದಾಪುಗಾಲು ಹಾಕುತ್ತಿದ್ದ. ಅವಳು ಡಿಪೋದ ಗೇಟು ಮುಟ್ಟುವಷ್ಟರಲ್ಲಿ ಅವನು ತನ್ನ ಬಸ್ಸಿನ ಹತ್ತಿರ ಹೋಗಿಯಾಗಿತ್ತು. ಬಾಗಿಲು ತೆಗೆದು ಹತ್ತಿದ. ಸೀಟಿನಲ್ಲಿ ಕುಳಿತು ಕನ್ನಡಿ ಸರಿಮಾಡಿದ. ಅವಳು ಗೇಟಿನ ಕಂಬಿ ಹಿಡಿದು ನಿಂತಳು.

ಅವನು ಎದ್ದ. ಸೀಟಿನ ಮೇಲಿದ್ದ ದಿಂಬನ್ನು ತೆಗೆದುಕೊಂಡ. ಬೆನ್ನುನೋವಿಗೆಂದು ಅಮ್ಮ ಹೊಲಿದುಕೊಟ್ಟ ದಿಂಬು, ಹತ್ತು ಸಲ ಒಗೆದು ಬಣ್ಣ ಹೋಗಿತ್ತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಳಗಿಳಿದ.

ಕಂಡಕ್ಟರು ಟಿಕೆಟ್ ಚೀಲ ಸಿಕ್ಕಿಸಿಕೊಳ್ಳುತ್ತ, "ಏನಪ್ಪ, ಮಾವನ ಮನೆಗೆ ಹೊರಟ್ಯಾ ದಿಂಬು ತಗೊಂಡು?" ಎಂದ.

"ಬೇರೆ ಡ್ರೈವರನ್ನ ಕೇಳ್ಕೋ. ನಂಗೆ ಎಡಗಡೆ ಕಾಣಿಸ್ತಿಲ್ಲ ಕಣೋ."

ಕಂಡಕ್ಟರು ನಗಲು ಹೋಗಿ ಅವನ ಮುಖ ನೋಡಿ ಟಿಕೆಟ್ ಚೀಲ ಕೆಳಗಿಳಿಸಿದ. ಅಪ್ಪ ಸಾಹೇಬರ ಕೋಣೆಗೆ ಹೋದ. ಹೊರಗೆ ಬರುವಾಗ ಅವನ ಬೆರಳಲ್ಲಿ ಯಾವಾಗಲೂ ತೂಗಾಡುತ್ತಿದ್ದ ಕೀಲಿ ಇರಲಿಲ್ಲ.

ಮುಂದೆ ಆಸ್ಪತ್ರೆಯಲ್ಲಿ ಎಲ್ಲ ತಿಳಿಯಿತು. ಕಣ್ಣೆರಡೂ ಚೆನ್ನಾಗಿದ್ದವು. ಕಣ್ಣು ಕಂಡದ್ದನ್ನು ಅರಿತುಕೊಳ್ಳುವ ಮಿದುಳಿನ ಒಂದು ಚೂರಿಗೆ ರಕ್ತ ಹೋಗದೆ ಅದು ಸತ್ತಿತ್ತು, ಎಡಗಡೆಯ ನೋಟ ಆ ಚೂರಿಗೆ ಸೇರಿದ್ದು. ಹಿಂದೊಂದು ದಿನ ತಲೆ ಸಿಡಿಯುತ್ತದೆಂದು ಮಾತ್ರೆ ನುಂಗಿ ಮಲಗಿದ್ದನಲ್ಲ, ಆಗ ಆದದ್ದಿರಬೇಕು ಎಂದರು ಡಾಕ್ಟರು. ಹೋದ ನೋಟ ಬರುವುದು ಕಷ್ಟ, ಆದರೆ ರಕ್ತದ ಒತ್ತಡ ಹತೋಟಿಯಲ್ಲಿಡದೆ ಹಾಗೇ ಬಿಟ್ಟಿದ್ದರೆ ಅಂಥದೇ ಇನ್ನೊಂದು ಹೊಡೆತ ಬಂದು ಆಳನ್ನೇ ಕೊಂಡೊಯ್ಯುತ್ತಿತ್ತು ಎಂದೂ ಹೇಳಿದರು. ಡಿಪೋದಲ್ಲಿ ಪ್ರತಿವರ್ಷ ಕಣ್ಣಿನ ಪರೀಕ್ಷೆಯಾಗುತ್ತಿತ್ತು, ಅದರಲ್ಲಿ ಅವನು ಪಾಸು. ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರೆ, ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ಕೇಳುವುದಿಲ್ಲ. ಅವನನ್ನು ಬಸ್‌ಸ್ಟ್ಯಾಂಡಿನ ವಿಚಾರಣೆಯ ಕಿಂಡಿಗೆ ಹಾಕಿದರು. ಅಲ್ಲಿ ಬಸ್ಸಿನ ಹೊತ್ತು ಕೇಳಿದವರಿಗೆ ಹೊತ್ತಷ್ಟೇ ಅಲ್ಲದೆ ಯಾವ ಕಡೆ ಕೂತರೆ ಬಿಸಿಲು ಬೀಳುವುದಿಲ್ಲ ಎಂಬುದನ್ನೂ ಹೇಳಿ ಸಾಲು ಬೆಳೆಸುತ್ತಾನೆಂದು ಈಗಲೂ ಬೈಸಿಕೊಳ್ಳುತ್ತಾನೆ.

ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ದಿಂಬು ಹಿಡಿದು ಗೇಟಿನ ಹೊರಗೆ ಬಂದವನಿಗೆ ಬರಿಗಾಲಿನಲ್ಲಿ ನಿಂತ ಮಗಳು ಕಂಡಳು. ತನ್ನ ಚಪ್ಪಲಿ ಬಿಚ್ಚಿ ಅವಳ ಮುಂದೆ ತಳ್ಳಿದ. ಅವಳು ಆ ದೊಡ್ಡ ಚಪ್ಪಲಿಯಲ್ಲಿ ಕಾಲೆಳೆಯುತ್ತ ನಡೆದಳು, ಅವನು ಬರಿಗಾಲಿನಲ್ಲಿ.

"ದೂರು ಕೊಟ್ಟೋರು ಹೇಳಿದ್ದು ಸುಳ್ಳಲ್ಲ" ಎಂದ ಅಪ್ಪ. "ಎಷ್ಟು ಜನರನ್ನ ಬಿಟ್ಟು ಬಂದೆನೋ ಏನೋ. ಓಡಿ ಓಡಿ ಬಂದು ನಿಂತ್ಕೊಂಡು ನೋಡಿರ್ತಾರೆ."

"ನಿಂಗೆ ಗೊತ್ತಿರಲಿಲ್ವಲ್ಲ ಅಪ್ಪ."

"ಅವರಿಗೆ ಅದು ಗೊತ್ತಿರಲಿಲ್ವಲ್ಲ."

ಮಗಳು ತಲೆ ತಗ್ಗಿಸಿದಳು. "ನನ್ನ ಮೇಲೆ ಕೋಪನಾ?" ಎಂದು ಕೇಳಿದಳು.

"ಇಲ್ಲ ಕಣೇ." ನಾಲ್ಕು ಹೆಜ್ಜೆ ಹೋದ ಮೇಲೆ ಮತ್ತೆ ಹೇಳಿದ. "ಇದೆ, ಸ್ವಲ್ಪ ಇದೆ. ಸಾಯಂಕಾಲದೊಳಗೆ ಹೋಗುತ್ತೆ."

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅಷ್ಟರಲ್ಲಿ ದೊಡ್ಡ ರಸ್ತೆ ಬಂತು. ಬೈಕು, ಕಾರು, ಲಾರಿ, ಒಂದರ ಹಿಂದೊಂದು. ಅವನು ಅಂಚಿನಲ್ಲಿ ನಿಂತು ಬಲಕ್ಕೆ ನೋಡಿದ, ಮಗಳು ಕಾಣಲಿಲ್ಲ. ಗಾಬರಿಯಿಂದ ಪೂರ್ತಿ ತಿರುಗಿದ. ಅವಳು ಅವನ ಎಡಕ್ಕೆ, ತೋಳಿಗೆ ತೋಳು ತಾಗುವಂತೆ ನಿಂತಿದ್ದಳು.

"ಈ ಕಡೆ ಬಾರೇ, ಬಲಗಡೆಗೆ. ಅಲ್ಲಿ ನೀನು ಕಾಣಿಸಲ್ಲ" ಎಂದ.

ಅವಳು ಅಲ್ಲಿಂದ ಕದಲಲಿಲ್ಲ. ಅವನ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಆ ಕಡೆ ನಿಂಗೇ ಕಾಣುತ್ತಲ್ಲ ಅಪ್ಪ. ಈ ಕಡೆ ನಾನಿರ್ತೀನಿ" ಎಂದಳು.